‘ಕ್ಷಿಪ್ರಕ್ರಾಂತಿ’ಯನ್ನು ಎಲ್ಲಿ ಬರೆಯಬೇಕು, ಎಲ್ಲಿ ಬರೆಯಬಾರದು

2021ರ ಫೆಬ್ರುವರಿ 1ರಂದು ಮ್ಯಾನ್ಮಾರ್‌ನ ಸೇನೆ ಆಂಗ್ ಸಾನ್ ಸೂಕಿ ಮತ್ತು ಅಧ್ಯಕ್ಷ ವಿನ್ ಮಿಂಟ್ ಅವರನ್ನು ಬಂಧಿಸಿದ ಸುದ್ದಿ ಬಸವನಗುಡಿಯ ನಮ್ಮ ಮನೆಯ ಟಿ.ವಿ.ಯಲ್ಲಿ ಬಂದಾಗ, ಪರದೆಯ ಕೆಳಗೆ ‘ಮ್ಯಾನ್ಮಾರ್‌ನಲ್ಲಿ ಕ್ಷಿಪ್ರಕ್ರಾಂತಿ’ ಎಂಬ ಸಾಲು ಓಡುತ್ತಿತ್ತು. ಅದನ್ನು ಓದಿದ ನನ್ನ ತಾಯಿ, ‘ಅಂತೂ ಅಲ್ಲಿನ ಜನ ಎದ್ದು ನಿಂತರಲ್ಲ’ ಎಂದು ಸಮಾಧಾನದಿಂದ ಹೇಳಿದರು. ಅರವತ್ತು ವರ್ಷಗಳಿಂದ ದಿನವೂ ಕನ್ನಡ ಪತ್ರಿಕೆ ಓದುತ್ತ ಬಂದವರು ಅವರು. ಅವರಿಗೆ ಕನ್ನಡ ಬಾರದೆ ಹೀಗಾಯಿತು ಎನ್ನುವಂತಿಲ್ಲ; ಕನ್ನಡ ಚೆನ್ನಾಗಿ ಬಲ್ಲವರಾದ್ದರಿಂದಲೇ ‘ಕ್ರಾಂತಿ’ ಎಂಬ ಮಾತಿಗೆ ನಮ್ಮ ನಾಡಿನಲ್ಲಿ ಇರುವ ಅರ್ಥವನ್ನೇ ಅವರು ಮಾಡಿಕೊಂಡರು. ಜನರು ಮತ ಹಾಕಿ ಆರಿಸಿದ್ದ ಸಂಸತ್ತು ಸೇರಬೇಕಿದ್ದ ದಿನವೇ ಅದನ್ನು ಸೇರಗೊಡದೆ ಸೇನೆ ಅಧಿಕಾರವನ್ನು ಕಿತ್ತುಕೊಂಡ ಘಟನೆ, ಒಂದೇ ಪದದ ದೆಸೆಯಿಂದ, ಜನರ ಗೆಲುವಿನಂತೆ ಅವರಿಗೆ ಕೇಳಿಸಿತ್ತು.

ಸುದ್ದಿಯನ್ನು ಕನ್ನಡಕ್ಕೆ ತರುವವರು, ಇತಿಹಾಸದ ಪಾಠ ಬರೆಯುವವರು, ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಕನ್ನಡದಲ್ಲಿ ಉತ್ತರ ಬರೆಯುವವರು, ಸರ್ಕಾರದ ಅಧಿಕಾರವನ್ನು ಒಳಗಿನವರೇ ಬಲದಿಂದ ಹಠಾತ್ತನೆ ಕಿತ್ತುಕೊಳ್ಳುವುದಕ್ಕೆ ಇಂಗ್ಲಿಷಿನಲ್ಲಿರುವ, ‘ಕೂ’ ಎಂದು ಉಚ್ಚರಿಸುವ ಪದ (coup) ಎದುರಾದಾಗ ಏನು ಮಾಡಬೇಕು ಎಂಬುದನ್ನು ಕೆಲವು ವರ್ಷಗಳ ಅನುವಾದದ ಅನುಭವದಿಂದ ಇಲ್ಲಿ ಬರೆಯುತ್ತಿದ್ದೇನೆ. ‘ಕ್ಷಿಪ್ರಕ್ರಾಂತಿ’ಯನ್ನು ಕೈಬಿಡಿ ಎಂದು ಹೇಳುವುದಿಲ್ಲ. ಅದು ಈಗ ಕನ್ನಡದಲ್ಲಿ ನೆಲೆಯೂರಿದ ಪದ. ಆದರೆ ಅದನ್ನು ಬರೆಯುವ ಮುನ್ನ ಯಾರು, ಯಾರಿಂದ, ಏನನ್ನು, ಹೇಗೆ ಕಿತ್ತುಕೊಂಡರು ಎಂಬುದನ್ನು ವಾಕ್ಯದಲ್ಲಿ ಹೇಳಿಬಿಡಬೇಕು ಎನ್ನುವುದೇ ನನ್ನ ಮುಖ್ಯ ಮಾತು.

ಪದದ ಒಳಗೆ ಏನಿದೆ

‘ಕ್ಷಿಪ್ರ’ ಎಂದರೆ ಬೇಗನೆ, ತಟಕ್ಕನೆ. ಇದು ‘ಕ್ಷಿಪ್’ ಎಂಬ, ಎಸೆಯುವ ಅರ್ಥದ ಧಾತುವಿನಿಂದ ಬಂದದ್ದು. ನಿಕ್ಷೇಪ, ಆಕ್ಷೇಪ, ಪ್ರಕ್ಷೇಪಗಳೆಲ್ಲ ಇದರ ಬಳಗದವು. ‘ಕ್ರಾಂತಿ’ಯ ಮೂಲ ‘ಕ್ರಮ್’ ಧಾತು. ಹೆಜ್ಜೆ ಇಡುವುದು, ದಾಟುವುದು ಎಂಬುದು ಅದರ ಅರ್ಥ. ಸೂರ್ಯ ಒಂದು ರಾಶಿಯಿಂದ ಇನ್ನೊಂದಕ್ಕೆ ದಾಟುವುದು ಸಂಕ್ರಾಂತಿ. ಗೆರೆ ದಾಟಿ ಇನ್ನೊಬ್ಬರ ನೆಲಕ್ಕೆ ಕಾಲಿಡುವುದು ಅತಿಕ್ರಮಣ ಮತ್ತು ಆಕ್ರಮಣ. ಧಾತುವಿನ ಮಟ್ಟದಲ್ಲಿ ನೋಡಿದರೆ ಕ್ರಾಂತಿಗೂ ಅತಿಕ್ರಮಣಕ್ಕೂ ನಂಟಿದೆ. ಆದರೆ ಓದುಗರು ಧಾತುಪಾಠವನ್ನು ಎದುರಿಗಿಟ್ಟುಕೊಂಡು ಪತ್ರಿಕೆ ಓದುವುದಿಲ್ಲ, ಬಳಕೆಯಲ್ಲಿ ಪದಕ್ಕೆ ಅಂಟಿದ ಅರ್ಥವನ್ನೇ ಓದುತ್ತಾರೆ. ಹಸಿರು ಕ್ರಾಂತಿ, ಕ್ಷೀರ ಕ್ರಾಂತಿ, ಫ್ರಾನ್ಸಿನ ಮಹಾಕ್ರಾಂತಿ, ಜಯಪ್ರಕಾಶ ನಾರಾಯಣರು 1974ರಲ್ಲಿ ಕರೆ ಕೊಟ್ಟ ಸಂಪೂರ್ಣ ಕ್ರಾಂತಿ, ಇವೆಲ್ಲ ಸೇರಿ ಕನ್ನಡದ ‘ಕ್ರಾಂತಿ’ಗೆ ಒಂದು ಗೌರವ ಕೊಟ್ಟಿವೆ.

ಎಲ್ಲಕ್ಕಿಂತ ಮಿಗಿಲಾಗಿ ನಮಗೆ ಕಲ್ಯಾಣ ಕ್ರಾಂತಿಯಿದೆ. ಇಲ್ಲಿ ನಮ್ಮ ಭಾಷೆಯೇ ಒಂದು ಪಾಠವನ್ನು ಮೊದಲೇ ಕಲಿಸಿ ಇಟ್ಟಿದೆ, ಆದರೂ ನಾವು ಅದನ್ನು ಗಮನಿಸುವುದಿಲ್ಲ. 12ನೆಯ ಶತಮಾನದ ನಡುಭಾಗದಲ್ಲಿ ಒಂದೇ ಕಲ್ಯಾಣ ಪಟ್ಟಣ ಎರಡು ಪಲ್ಲಟಗಳನ್ನು ಕಂಡಿತು. ಚಾಲುಕ್ಯರ ಮಹಾಮಂಡಲೇಶ್ವರನಾಗಿದ್ದ, ಅಂದರೆ ದೊಡ್ಡ ಸಾಮಂತನಾಗಿದ್ದ ಕಳಚೂರಿ ಬಿಜ್ಜಳನು ತನ್ನ ಒಡೆಯ ಮೂರನೆಯ ತೈಲಪನನ್ನು ಮೂಲೆಗೆ ತಳ್ಳಿ ರಾಜ್ಯವನ್ನು ತನ್ನದಾಗಿಸಿಕೊಂಡದ್ದು ಒಂದು. ಬಸವಣ್ಣನವರೂ ಇತರ ಶರಣರೂ ಜಾತಿಯ ಕಟ್ಟುಗಳನ್ನು ಪ್ರಶ್ನಿಸಿದ್ದು ಇನ್ನೊಂದು. ಕನ್ನಡಿಗರು ಎರಡನೆಯದನ್ನು ಮಾತ್ರ ಕ್ರಾಂತಿ ಎಂದು ಕರೆದರು. ಬಿಜ್ಜಳನ ಕೆಲಸಕ್ಕೆ ನಮ್ಮ ಇತಿಹಾಸಕಾರರು ರಾಜ್ಯಾಪಹರಣ, ಸಿಂಹಾಸನ ಕಬಳಿಕೆ ಎಂಬ ಪದಗಳನ್ನೇ ಬಳಸಿದರು. ಒಳಗಿದ್ದವನೇ, ತನಗೆ ಒಪ್ಪಿಸಿದ್ದ ಬಲವನ್ನು ಬಳಸಿ, ಒಡೆಯನನ್ನು ಸರಿಸಿ ಅಧಿಕಾರ ಹಿಡಿಯುವುದಕ್ಕೂ ಜನಜೀವನದ ತಳಹದಿಯನ್ನೇ ಬದಲಿಸಲು ಹೊರಡುವುದಕ್ಕೂ ಇರುವ ಅಂತರ ನಮ್ಮ ಹಿರಿಯರಿಗೆ ಸ್ಪಷ್ಟವಾಗಿತ್ತು. ಇಂದಿನ ಸುದ್ದಿಯ ಭಾಷೆ ಮಾತ್ರ ಬಿಜ್ಜಳನ ಕೆಲಸಕ್ಕೆ ಬಸವಣ್ಣನವರ ಹೆಸರು ಕೊಟ್ಟುಬಿಡುತ್ತದೆ.

ಇಂಗ್ಲಿಷ್ ಪದದ ಮೂಲವಾದ ‘ಕೂ ದೆತಾ’ (coup d'état) ಎಂಬ ಫ್ರೆಂಚ್ ನುಡಿಗಟ್ಟಿನಲ್ಲಿ ಕ್ರಾಂತಿಯ ಸುಳಿವೇ ಇಲ್ಲ. ಅದರ ನೇರ ಅರ್ಥ ‘ರಾಜ್ಯದ ಹೊಡೆತ’. 17ನೆಯ ಶತಮಾನದಲ್ಲಿ ಅದನ್ನು ಆಳುವವನೇ ರಾಜ್ಯದ ಹಿತದ ಹೆಸರಿನಲ್ಲಿ ಎದುರಾಳಿಗಳ ಮೇಲೆ ಹಠಾತ್ತನೆ ಕೊಡುವ ಪೆಟ್ಟು ಎಂಬ ಅರ್ಥದಲ್ಲಿ ಬಳಸುತ್ತಿದ್ದರು. 1799ರ ನವೆಂಬರ್ 9ರಂದು ನೆಪೋಲಿಯನ್ ಬೋನಪಾರ್ಟೆ ಅಧಿಕಾರ ಹಿಡಿದದ್ದು, 1851ರ ಡಿಸೆಂಬರ್ 2ರಂದು ಅವನ ತಮ್ಮನ ಮಗ ಲೂಯಿ ನೆಪೋಲಿಯನ್, ತಾನೇ ಅಧ್ಯಕ್ಷನಾಗಿದ್ದೂ ಸಂಸತ್ತನ್ನು ವಿಸರ್ಜಿಸಿ ಸರ್ವಾಧಿಕಾರ ಕೈಗೆತ್ತಿಕೊಂಡದ್ದು, ಇವುಗಳ ನಂತರ ಪದ ಇಂದಿನ ಅರ್ಥಕ್ಕೆ ಬಂದು ನಿಂತಿತು.

ಬೆಂಗಳೂರಿನಲ್ಲಿ ಕುಳಿತು ಬರೆಯುವವರಿಗೆ ಒಂದು ಅನುಕೂಲವಿದೆ. ಸುತ್ತಮುತ್ತಲಿನವರನ್ನು ಕೇಳಿದರೆ ಐದಾರು ಭಾಷೆಗಳ ಪದಗಳು ಕೂಡಲೇ ಸಿಗುತ್ತವೆ. ಹಿಂದಿಯವರು ‘ತಖ್ತಾಪಲಟ್’ ಎನ್ನುತ್ತಾರೆ, ಅಂದರೆ ಸಿಂಹಾಸನವನ್ನು ಮಗುಚುವುದು. ಮಲಯಾಳದಲ್ಲಿ ‘ಪಟ್ಟಾಳ ಅಟ್ಟಿಮರಿ’, ಅಂದರೆ ಪಟಾಲಮ್ಮು ನಡೆಸಿದ ಬುಡಮೇಲು. ತಮಿಳಿನ ‘ಆಟ್ಚಿ ಕವಿಳ್ಪು’ ನಮ್ಮ ‘ಕವುಚು’ವನ್ನು ನೆನಪಿಗೆ ತರುತ್ತದೆ, ತಮಿಳಿನಲ್ಲಿ ಸೇನೆಯ ‘ಪುರಟ್ಚಿ’ ಎನ್ನುವ ರೂಢಿಯೂ ಇರುವುದರಿಂದ ನಮ್ಮ ತೊಡಕು ನಮ್ಮದೊಂದೇ ಅಲ್ಲ. ತೆಲುಗಿನಲ್ಲಿ ‘ಸೈನಿಕ ತಿರುಗುಬಾಟು’. ಈ ಪದಗಳಲ್ಲಿ ಹೆಚ್ಚಿನವು ಕೆಲಸವನ್ನು ವರ್ಣಿಸುತ್ತವೆ, ಕೆಲಸ ಮಾಡಿದವನನ್ನು ಹೊಗಳುವುದಿಲ್ಲ.

ಇನ್ನೂ ಬೆರಗಿನ ಸಂಗತಿ ‘ಇನ್ಕಿಲಾಬ್’ ಎಂಬ ಪದದ್ದು. ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಯಾವ ಪ್ರತಿಭಟನೆ ನಡೆದರೂ ‘ಇನ್ಕಿಲಾಬ್ ಜಿಂದಾಬಾದ್’ ಎಂಬ ಘೋಷಣೆ ಕೇಳಿಬರುತ್ತದೆ, ಅಲ್ಲಿ ಅದರ ಅರ್ಥ ಕ್ರಾಂತಿ ಚಿರಾಯುವಾಗಲಿ ಎಂದು. ಇದೇ ಪದ ಅದರ ತವರಾದ ಅರಬ್ಬಿಯಲ್ಲಿ ಇಂದು ಸೇನೆ ನಡೆಸುವ ಅಧಿಕಾರ ಕಬಳಿಕೆಯ ಹೆಸರು; ಜನಕ್ರಾಂತಿಗೆ ಅಲ್ಲಿ ‘ಸೌರಾ’ ಎಂಬ ಬೇರೆಯೇ ಪದವಿದೆ. 2013ರ ಜುಲೈ 3ರಂದು ಈಜಿಪ್ಟಿನ ಸೇನಾ ಮುಖ್ಯಸ್ಥ ಅಬ್ದೆಲ್ ಫತ್ತಾಹ್ ಎಲ್-ಸಿಸಿ ಚುನಾಯಿತ ಅಧ್ಯಕ್ಷ ಮೊಹಮ್ಮದ್ ಮೊರ್ಸಿಯನ್ನು ಕೆಳಗಿಳಿಸಿದಾಗ, ಮೊರ್ಸಿಯ ಬೆಂಬಲಿಗರು ಅದನ್ನು ‘ಇನ್ಕಿಲಾಬ್’ ಎಂದು ಖಂಡಿಸಿದರು, ಸೇನೆಯ ಬೆಂಬಲಿಗರು ‘ಸೌರಾ’ ಎಂದು ಕೊಂಡಾಡಿದರು. ಯಾವ ಪದ ಬಾಯಿಂದ ಬಂತು ಎಂಬುದರಿಂದಲೇ ಆತ ಯಾವ ಕಡೆಯವನು ಎಂದು ಅಲ್ಲಿ ಗೊತ್ತಾಗುತ್ತಿತ್ತು. ಅಂಥ ಸುದ್ದಿಯನ್ನು ಕನ್ನಡಕ್ಕೆ ತರುವಾಗ ಎರಡಕ್ಕೂ ‘ಕ್ರಾಂತಿ’ ಎಂದು ಬರೆದರೆ ಜಗಳದ ಕಾರಣವೇ ಓದುಗರಿಗೆ ತಿಳಿಯದಂತಾಗುತ್ತದೆ.

ಬರೆಯುವ ಮುನ್ನ ಕೇಳಿಕೊಳ್ಳಬೇಕಾದದ್ದು

ಪದವನ್ನು ಬಳಸಬಹುದೇ ಎಂದು ತಿಳಿಯಲು ನಾನು ಮೂರು ವಿಷಯಗಳನ್ನು ನೋಡುತ್ತೇನೆ. ಅಧಿಕಾರ ಹಿಡಿದವರು ರಾಜ್ಯದ ಯಂತ್ರದ ಒಳಗಿನವರೇ? ಅವರು ಹಿಡಿದದ್ದು ಸರ್ಕಾರದ ಅತ್ಯುನ್ನತ ಅಧಿಕಾರವೇ? ಹಿಡಿದ ಬಗೆ ಕಾನೂನಿಗೆ ಹೊರತಾಗಿದ್ದು, ಬಲದಿಂದಲೋ ಬಲದ ಬೆದರಿಕೆಯಿಂದಲೋ ನಡೆಯಿತೇ? ಮೂರಕ್ಕೂ ಹೌದೆಂಬ ಉತ್ತರ ಬಂದರೆ ಪದವನ್ನು ಅಳುಕದೆ ಬರೆಯಬಹುದು.

ಪಾಕಿಸ್ತಾನದ 1999ರ ಅಕ್ಟೋಬರ್ 12ರ ಘಟನೆಯನ್ನು ನೋಡೋಣ. ಕೊಲಂಬೊದಿಂದ ವಿಮಾನದಲ್ಲಿ ಮರಳುತ್ತಿದ್ದ ಸೇನಾ ಮುಖ್ಯಸ್ಥ ಪರ್ವೇಜ್ ಮುಷರಫ್ ಅವರನ್ನು ಪ್ರಧಾನಿ ನವಾಜ್ ಷರೀಫ್ ಹುದ್ದೆಯಿಂದ ತೆಗೆದುಹಾಕಿದರು, ಕರಾಚಿಯಲ್ಲಿ ಆ ವಿಮಾನ ಇಳಿಯಲು ಅಡ್ಡಿಯಾಯಿತು, ಸೇನೆ ವಿಮಾನ ನಿಲ್ದಾಣವನ್ನು ವಶಪಡಿಸಿಕೊಂಡು ಮುಷರಫ್ ಅವರನ್ನು ಇಳಿಸಿಕೊಂಡಿತು, ಪ್ರಧಾನಿಯನ್ನು ಬಂಧಿಸಿತು. ಮುಷರಫ್ ತಮ್ಮನ್ನು ‘ಮುಖ್ಯ ಕಾರ್ಯನಿರ್ವಾಹಕ’ ಎಂದು ಕರೆದುಕೊಂಡರು. 2000ದ ಮೇ ತಿಂಗಳಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ‘ಅನಿವಾರ್ಯತೆ’ಯ ತತ್ತ್ವವನ್ನು ಹೇಳಿ ಅದಕ್ಕೆ ಒಪ್ಪಿಗೆಯ ಮುದ್ರೆ ಒತ್ತಿತು. ಇಂಥ ಒಪ್ಪಿಗೆ ನಂತರ ಸಿಕ್ಕರೂ ಆ ದಿನ ನಡೆದದ್ದು ಕ್ಷಿಪ್ರಕ್ರಾಂತಿಯೇ. ಹಾಗೆಯೇ ಮ್ಯಾನ್ಮಾರ್‌ನ ಸೇನೆ 2008ರ ಸಂವಿಧಾನದ ತುರ್ತುಸ್ಥಿತಿಯ ವಿಧಿಯನ್ನು ತೋರಿಸಿತು ಎಂಬ ಕಾರಣಕ್ಕೆ ಪದವನ್ನು ಬಿಡಬೇಕಾಗಿಲ್ಲ. ಆ ವಿಧಿಯ ಪ್ರಕಾರ ತುರ್ತುಸ್ಥಿತಿ ಘೋಷಿಸಬೇಕಾದ ಅಧ್ಯಕ್ಷರನ್ನೇ ಸೇನೆ ಬಂಧಿಸಿತ್ತು.

ಮೂರರಲ್ಲಿ ಒಂದು ಇಲ್ಲವಾದರೂ ಬೇರೆ ಪದ ಹುಡುಕಬೇಕು. ಹೊರಗಿನ ಸೈನ್ಯ ಬಂದು ಗೆದ್ದರೆ ಅದು ದಂಡಯಾತ್ರೆ ಅಥವಾ ಆಕ್ರಮಣ. 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನ್ ಕೆಂಪೇಗೌಡರ ವಂಶದವರಿಂದ ಬೆಂಗಳೂರನ್ನು ಗೆದ್ದುಕೊಂಡದ್ದೂ, 1791ರ ಮಾರ್ಚ್‌ನಲ್ಲಿ ಕಾರ್ನ್‌ವಾಲಿಸ್ ಬೆಂಗಳೂರು ಕೋಟೆಯನ್ನು ಹಿಡಿದದ್ದೂ ಎಷ್ಟೇ ಹಠಾತ್ತಾಗಿದ್ದರೂ ಕ್ಷಿಪ್ರಕ್ರಾಂತಿಗಳಾಗುವುದಿಲ್ಲ. ಕೆಳಗಿನಿಂದ ಜನರೇ ಬೀದಿಗಿಳಿದು ಸರ್ಕಾರವನ್ನು ಉರುಳಿಸಿದರೆ ಅದು ಜನದಂಗೆ ಅಥವಾ ಜನಕ್ರಾಂತಿ. 2024ರ ಆಗಸ್ಟ್ 5ರಂದು ಢಾಕಾದಲ್ಲಿ ವಿದ್ಯಾರ್ಥಿಗಳ ಮುಂದಾಳತ್ವದ ಚಳವಳಿ ಶೇಖ್ ಹಸೀನಾ ದೇಶ ಬಿಡುವಂತೆ ಮಾಡಿತು. ಅಂದು ಸೇನಾ ಮುಖ್ಯಸ್ಥರು ಟಿ.ವಿ.ಯಲ್ಲಿ ಮಾತನಾಡಿದರೆಂಬ ಮಾತ್ರಕ್ಕೆ ಅದನ್ನು 1975ರ ಆಗಸ್ಟ್ 15ರ, ಸೇನಾಧಿಕಾರಿಗಳ ಗುಂಪೊಂದು ಶೇಖ್ ಮುಜಿಬುರ್ ರಹಮಾನ್ ಅವರನ್ನು ಕುಟುಂಬದೊಂದಿಗೆ ಕೊಂದ ಘಟನೆಯ ಸಾಲಿಗೆ ಸೇರಿಸಬಾರದು. ಒಂದೇ ನಗರದ ಈ ಎರಡು ಆಗಸ್ಟ್‌ಗಳಿಗೆ ಎರಡು ಪದಗಳು ಬೇಕು.

‘ಸೇನಾ ದಂಗೆ’ ಎಂಬುದನ್ನು ಕ್ಷಿಪ್ರಕ್ರಾಂತಿಗೆ ಬದಲಿಯಾಗಿ ಬಳಸುವ ರೂಢಿಯೂ ಇದೆ. ಇದರಲ್ಲಿ ಎಚ್ಚರ ಬೇಕು. ದಂಗೆ ಎಂದರೆ ಸೈನಿಕರು ತಮ್ಮ ಮೇಲಿನವರ ಆಜ್ಞೆಯನ್ನು ಧಿಕ್ಕರಿಸುವುದು. 1806ರ ವೆಲ್ಲೂರಿನ ಸಿಪಾಯಿ ದಂಗೆ, 1946ರ ಫೆಬ್ರುವರಿಯ ನೌಕಾ ದಂಗೆ, ಇವು ಆ ಬಗೆಯವು. ಸೇನೆಯ ಮುಖ್ಯಸ್ಥನೇ ಅಧಿಕಾರ ಹಿಡಿದಾಗ ಸೈನಿಕರು ಧಿಕ್ಕರಿಸಿರುವುದಿಲ್ಲ, ಅವನ ಆಜ್ಞೆಯನ್ನು ಪಾಲಿಸಿರುತ್ತಾರೆ. ಅಲ್ಲಿ ದಂಗೆ ಎದ್ದವನು ಮುಖ್ಯಸ್ಥ ಒಬ್ಬನೇ, ಅದೂ ಸಂವಿಧಾನದ ವಿರುದ್ಧ. ಎರಡೂ ಒಂದರ ಬೆನ್ನಿಗೆ ಒಂದು ನಡೆಯುವುದೂ ಉಂಟು. ಮಾಲಿ ದೇಶದಲ್ಲಿ 2020ರ ಆಗಸ್ಟ್ 18ರ ಬೆಳಿಗ್ಗೆ ರಾಜಧಾನಿ ಬಮಾಕೋ ಸಮೀಪದ ಕಾಟಿ ಸೇನಾನೆಲೆಯಲ್ಲಿ ದಂಗೆಯಾಗಿ ಶುರುವಾದದ್ದು ಅಧ್ಯಕ್ಷರ ಬಂಧನದೊಂದಿಗೆ ಕ್ಷಿಪ್ರಕ್ರಾಂತಿಯಾಯಿತು. ಅಂಥ ದಿನ ಸುದ್ದಿ ಬರೆಯುವವರು ಮಧ್ಯಾಹ್ನದವರೆಗೆ ‘ದಂಗೆ’ ಎಂದೇ ಬರೆದು, ಬಂಧನ ಖಚಿತವಾದ ಮೇಲೆ ಪದ ಬದಲಿಸುವುದು ಸರಿಯಾದ ಕ್ರಮ. 2023ರ ಜೂನ್‌ನಲ್ಲಿ ರಷ್ಯಾದ ವಾಗ್ನರ್ ಪಡೆ ಮಾಸ್ಕೊದತ್ತ ಹೊರಟು ನಡುದಾರಿಯಲ್ಲಿ ಮರಳಿತು. ಸೇನಾ ನಾಯಕತ್ವವನ್ನು ಬದಲಿಸಿ ಎಂಬುದೇ ಅದು ಬಹಿರಂಗವಾಗಿ ಇಟ್ಟ ಬೇಡಿಕೆಯಾಗಿತ್ತು; ಆದ್ದರಿಂದ ಅದಕ್ಕೆ ‘ಬಂಡಾಯ’ವೇ ತಕ್ಕ ಪದ.

ಅಧಿಕಾರ ಕೈಗೆ ಬಂದಂತಾಗಿ ಜಾರಿಹೋದರೆ ‘ಕ್ಷಿಪ್ರಕ್ರಾಂತಿ ಯತ್ನ’ ಎನ್ನಬೇಕು. ಎಷ್ಟು ದಿನ ಉಳಿದರೆ ಯಶಸ್ಸು ಎಂದು ಎಣಿಸುವುದು? 2011ರಲ್ಲಿ ಅಮೆರಿಕದ ಇಬ್ಬರು ರಾಜ್ಯಶಾಸ್ತ್ರಜ್ಞರು ಏಳು ದಿನಗಳ ಅಳತೆಯನ್ನು ಇಟ್ಟರು. ಅಧ್ಯಯನಕ್ಕೆ ಅನುಕೂಲವಾದ ಈ ಅಳತೆ ಬರಹಗಾರರಿಗೂ ಒಳ್ಳೆಯ ಆಸರೆ. 1991ರ ಆಗಸ್ಟ್ 18ರಂದು ಸೋವಿಯತ್ ಒಕ್ಕೂಟದ ಅಧ್ಯಕ್ಷ ಗೋರ್ಬಚೆವ್ ಅವರನ್ನು ಕ್ರಿಮಿಯಾದ ಮನೆಯಲ್ಲಿ ಕೂಡಿಹಾಕಿದವರು ಮೂರೇ ದಿನಗಳಲ್ಲಿ ಸೋತರು. 2016ರ ಜುಲೈ 15ರ ರಾತ್ರಿಯ ಟರ್ಕಿಯ ಯತ್ನ ಮರುದಿನವೇ ಮುಗಿಯಿತು. 1988ರ ನವೆಂಬರ್ 3ರಂದು ಮಾಲ್ಡೀವ್ಸ್‌ನಲ್ಲಿ ಶ್ರೀಲಂಕಾದ ಬಾಡಿಗೆ ಬಂಟರನ್ನು ಕರೆತಂದು ಅಧ್ಯಕ್ಷ ಗಯೂಮ್ ಅವರನ್ನು ಇಳಿಸಲು ನಡೆದ ಪ್ರಯತ್ನವನ್ನು ಭಾರತದ ಪ್ಯಾರಾಟ್ರೂಪರ್‌ಗಳು ವಿಫಲಗೊಳಿಸಿದರು. ಇವೆಲ್ಲ ಯತ್ನಗಳು. ‘ವಿಫಲ ಕ್ಷಿಪ್ರಕ್ರಾಂತಿ’ ಎಂದರೂ ತಪ್ಪಾಗದು, ಆದರೆ ‘ವಿಫಲ ಕ್ಷಿಪ್ರಕ್ರಾಂತಿ ಯತ್ನ’ ಎಂದು ಎರಡನ್ನೂ ಹೇರುವುದು ಬೇಡ.

ಇದ್ದವರೇ ಎಲ್ಲವನ್ನೂ ಕಬಳಿಸಿದಾಗ

ಅಧಿಕಾರದಲ್ಲಿದ್ದವನೇ ಸಂಸತ್ತನ್ನೂ ನ್ಯಾಯಾಲಯವನ್ನೂ ಮುಚ್ಚಿ ಎಲ್ಲ ಅಧಿಕಾರವನ್ನೂ ತನ್ನಲ್ಲಿ ಸೇರಿಸಿಕೊಳ್ಳುವುದಕ್ಕೆ ಸ್ಪ್ಯಾನಿಷಿನಲ್ಲಿ ‘ಆಟೋಗೋಲ್ಪೆ’ ಎಂಬ ಪದವಿದೆ, ತಾನೇ ಕೊಟ್ಟ ಪೆಟ್ಟು ಎಂದು ಅದರ ಅರ್ಥ. 1992ರ ಏಪ್ರಿಲ್ 5ರಂದು ಪೆರುವಿನ ಅಧ್ಯಕ್ಷ ಆಲ್ಬರ್ಟೊ ಫುಜಿಮೊರಿ ಹೀಗೆ ಮಾಡಿದ ಮೇಲೆ ಅದು ಎಲ್ಲ ಕಡೆ ಹಬ್ಬಿತು. ನಮ್ಮ ನೆರೆಯ ನೇಪಾಳದಲ್ಲಿ ರಾಜ ಜ್ಞಾನೇಂದ್ರರು 2005ರ ಫೆಬ್ರುವರಿ 1ರಂದು ಪ್ರಧಾನಿ ಶೇರ್ ಬಹಾದುರ್ ದೇವುಬಾ ಅವರ ಸರ್ಕಾರವನ್ನು ವಜಾ ಮಾಡಿ, ದೂರವಾಣಿ ಸಂಪರ್ಕವನ್ನೂ ಕಡಿದು, ಆಡಳಿತವನ್ನು ನೇರವಾಗಿ ಕೈಗೆ ತೆಗೆದುಕೊಂಡರು. ‘ಸ್ವಯಂ ಕ್ಷಿಪ್ರಕ್ರಾಂತಿ’ ಎಂಬ ಪದಶಃ ಅನುವಾದ ಕನ್ನಡದ ಕಿವಿಗೆ ಒಗ್ಗುವುದಿಲ್ಲ, ತಾನಾಗಿಯೇ ಆಯಿತೇನೋ ಎಂಬ ಅನುಮಾನವನ್ನೂ ಹುಟ್ಟಿಸುತ್ತದೆ. ‘ರಾಜನೇ ಸರ್ವಾಧಿಕಾರ ಹಿಡಿದ’, ‘ಅಧ್ಯಕ್ಷರಿಂದಲೇ ಅಧಿಕಾರ ಕಬಳಿಕೆ’ ಎಂದು ಬಿಡಿಸಿ ಬರೆಯುವುದು ಮೇಲು. ಇದೇ ಕೆಲಸ ಒಂದೇ ರಾತ್ರಿ ಆಗದೆ, ವರ್ಷಗಳ ಕಾಲ ಒಂದೊಂದೇ ಸಂಸ್ಥೆಯನ್ನು ತಿನ್ನುತ್ತ ನಡೆದರೆ ‘ಕ್ಷಿಪ್ರ’ ಎಂಬ ವಿಶೇಷಣ ಸುಳ್ಳಾಗುತ್ತದೆ. ಅದಕ್ಕೆ ಬೆಂಗಳೂರಿಗರು ಕೆರೆ ಮತ್ತು ರಾಜಕಾಲುವೆಗಳ ವಿಷಯದಲ್ಲಿ ದಿನವೂ ಬಳಸುವ ‘ಒತ್ತುವರಿ’ ಎಂಬ ಪದ ಚೆನ್ನಾಗಿ ಹೊಂದುತ್ತದೆ ಎಂದು ನನಗೆ ಅನಿಸುತ್ತದೆ. ‘ಅಧಿಕಾರದ ಒತ್ತುವರಿ’ ಎಂದರೆ ಗೆರೆ ಸ್ವಲ್ಪ ಸ್ವಲ್ಪವೇ ಸರಿಯುತ್ತಿರುವ ಚಿತ್ರ ಓದುಗರ ಕಣ್ಣಿಗೆ ಕೂಡಲೇ ಕಟ್ಟುತ್ತದೆ.

1975ರ ತುರ್ತುಪರಿಸ್ಥಿತಿಯನ್ನು ಕ್ಷಿಪ್ರಕ್ರಾಂತಿ ಎನ್ನಬಹುದೇ ಎಂಬ ಪ್ರಶ್ನೆಯನ್ನು ವಿದ್ಯಾರ್ಥಿಗಳು ಕೇಳುವುದುಂಟು. ಆ ದಿನಗಳ ನೆನಪು ಬೆಂಗಳೂರಿಗೆ ಹತ್ತಿರದ್ದು. ಸಂಸದೀಯ ಸಮಿತಿಯ ಸಭೆಗೆಂದು ಇಲ್ಲಿಗೆ ಬಂದಿದ್ದ ಅಟಲ ಬಿಹಾರಿ ವಾಜಪೇಯಿ, ಲಾಲ್ ಕೃಷ್ಣ ಅಡ್ವಾಣಿ, ಮಧು ದಂಡವತೆ ಅವರನ್ನು ಜೂನ್ 26ರಂದು ಬಂಧಿಸಿ ಇದೇ ಊರಿನ ಸೆಂಟ್ರಲ್ ಜೈಲಿನಲ್ಲಿ ಇಟ್ಟರು. ಅದೇ ಜೈಲಿನ ಜಾಗ ಇಂದಿನ ಫ್ರೀಡಂ ಪಾರ್ಕ್. ಆದರೂ ನಾನು ಆ ಘಟನೆಗೆ ಈ ಪದ ಹಾಕುವುದಿಲ್ಲ. ಸಂವಿಧಾನದ 352ನೆಯ ವಿಧಿಯಡಿ ರಾಷ್ಟ್ರಪತಿಯ ಸಹಿಯೊಂದಿಗೆ ಅದು ಜಾರಿಗೆ ಬಂತು, ಪ್ರಧಾನಿ ಬದಲಾಗಲಿಲ್ಲ, ಸಂಸತ್ತು ವಿಸರ್ಜನೆಯಾಗಲಿಲ್ಲ, 1977ರಲ್ಲಿ ಚುನಾವಣೆಯ ಮೂಲಕವೇ ಸರ್ಕಾರ ಬದಲಾಯಿತು. ಅಲ್ಲಿ ನಡೆದ ಅನ್ಯಾಯದ ತೂಕವನ್ನು ಹೇಳಲು ‘ತುರ್ತುಪರಿಸ್ಥಿತಿ’ ಎಂಬ ಪದವೇ ಸಾಕು. ಈ ದೇಶದ ಓದುಗರಿಗೆ ಆ ಪದದ ಭಾರ ಗೊತ್ತಿದೆ.

ವಿಧಾನಸೌಧದ ಸುತ್ತಮುತ್ತ

ಪದ ಅತ್ಯಂತ ಹೆಚ್ಚು ಸವೆದಿರುವುದು ವಿಧಾನಸೌಧದ ಸುದ್ದಿಗಳಲ್ಲಿ. ‘ರಾಜ್ಯ ರಾಜಕೀಯದಲ್ಲಿ ಕ್ಷಿಪ್ರಕ್ರಾಂತಿ’ ಎಂಬ ಸಾಲನ್ನು ಕೇಳದ ಕನ್ನಡಿಗರಿಲ್ಲ. ನಾಲ್ಕಾರು ಶಾಸಕರು ಒಂದೆಡೆ ಊಟಕ್ಕೆ ಸೇರಿದರೂ ಅದು ಕ್ಷಿಪ್ರಕ್ರಾಂತಿಯ ಮುನ್ಸೂಚನೆ. 2025ರಲ್ಲಿ ಮುಖ್ಯಮಂತ್ರಿ ಬದಲಾಗುತ್ತಾರೆಯೇ ಎಂಬ ಊಹಾಪೋಹಕ್ಕೆ ‘ಸೆಪ್ಟೆಂಬರ್ ಕ್ರಾಂತಿ’, ‘ನವೆಂಬರ್ ಕ್ರಾಂತಿ’ ಎಂದು ತಿಂಗಳ ಹೆಸರನ್ನೂ ಜೋಡಿಸಲಾಯಿತು.

ನಾನೂ ಈ ತಪ್ಪು ಮಾಡಿದ್ದೇನೆ. ಹಿಂದೆ ಒಂದು ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದಾಗ, 2019ರ ಜುಲೈನಲ್ಲಿ ಶಾಸಕರ ರಾಜೀನಾಮೆಗಳ ಬಗೆಗಿನ ಒಂದು ಬರಹಕ್ಕೆ ಇದೇ ಪದವನ್ನು ಶೀರ್ಷಿಕೆಯಾಗಿ ಕೊಟ್ಟೆ. ಅಲ್ಲಿ ನಡೆದದ್ದೇನು? ಆಡಳಿತ ಪಕ್ಷಗಳ ಶಾಸಕರು ರಾಜೀನಾಮೆ ಕೊಟ್ಟು ಮುಂಬೈಗೆ ಹೋದರು, ಜುಲೈ 23ರಂದು ವಿಶ್ವಾಸಮತದ ಪರವಾಗಿ 99 ಮತಗಳೂ ವಿರುದ್ಧವಾಗಿ 105 ಮತಗಳೂ ಬಂದು ಸರ್ಕಾರ ಬಿತ್ತು, 17 ಶಾಸಕರು ಅನರ್ಹರಾದರು, ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದು ಮರುಸ್ಪರ್ಧೆಗೆ ಮಾತ್ರ ಅವಕಾಶ ಕೊಟ್ಟಿತು. ಇದರಲ್ಲಿ ಖಂಡಿಸಬೇಕಾದದ್ದು ಇದ್ದರೆ ಪಕ್ಷಾಂತರ, ಆಮಿಷ, ರೆಸಾರ್ಟ್ ವಾಸ್ತವ್ಯ ಎಂದು ಅದರದೇ ಹೆಸರಿನಿಂದ ಖಂಡಿಸಬೇಕು. ಸದನದಲ್ಲಿ ಮತ ಎಣಿಸಿ ಬಿದ್ದ ಸರ್ಕಾರಕ್ಕೂ ಟ್ಯಾಂಕುಗಳ ಮುಂದೆ ಬಿದ್ದ ಸರ್ಕಾರಕ್ಕೂ ಒಂದೇ ಪದವಾದರೆ, ನಾಳೆ ನಿಜವಾಗಿ ಟ್ಯಾಂಕು ಬಂದ ದೇಶದ ಸುದ್ದಿ ಬರೆಯುವಾಗ ನಮ್ಮ ಕೈಯಲ್ಲಿ ಪದವೇ ಉಳಿದಿರುವುದಿಲ್ಲ.

ಈ ಅಂತರವನ್ನು ದೇಶಕ್ಕೇ ಬಿಡಿಸಿ ಹೇಳಿದ ಮೊಕದ್ದಮೆ ನಮ್ಮ ರಾಜ್ಯದ್ದು ಎಂಬುದನ್ನು ಮರೆಯಬಾರದು. 1989ರ ಏಪ್ರಿಲ್ 21ರಂದು ಎಸ್.ಆರ್. ಬೊಮ್ಮಾಯಿ ಅವರ ಸರ್ಕಾರವನ್ನು, ಸದನದಲ್ಲಿ ಬಹುಮತ ಸಾಬೀತುಪಡಿಸಲು ಅವಕಾಶ ಕೊಡದೆ, ವಜಾ ಮಾಡಲಾಯಿತು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಬಹುಮತ ಪರೀಕ್ಷೆಗೆ ತಕ್ಕ ಜಾಗ ಸದನವೇ ಹೊರತು ರಾಜಭವನವಲ್ಲ ಎಂಬ ತತ್ತ್ವವನ್ನು ಸ್ಥಾಪಿಸಿತು. 1989ರ ಘಟನೆಗೆ ‘ವಜಾ’, 2019ರ ಘಟನೆಗೆ ‘ಪತನ’, ಪಕ್ಷದ ಒಳಗೇ ನಾಯಕ ಬದಲಾದರೆ ‘ನಾಯಕತ್ವ ಬದಲಾವಣೆ’, ಗುಟ್ಟಾಗಿ ನಡೆದಿದ್ದರೆ ‘ಒಳಸಂಚು’. ಇಷ್ಟು ಪದಗಳಿರುವಾಗ ವಿಧಾನಸೌಧಕ್ಕೆ ಕ್ಷಿಪ್ರಕ್ರಾಂತಿಯ ಅಗತ್ಯ ನನಗೆ ಕಾಣುವುದಿಲ್ಲ. ಯಾವನಾದರೂ ನಾಯಕ ಭಾಷಣದಲ್ಲಿ ಹಾಗೆಂದರೆ, ಉದ್ಧರಣ ಚಿಹ್ನೆಯೊಳಗೆ ಆತನ ಹೆಸರಿನೊಂದಿಗೆ ಹಾಕಬಹುದು.

ಹೆಸರಿಡುವುದೇ ರಾಜಕೀಯವಾದಾಗ

ಅಧಿಕಾರ ಹಿಡಿದವರು ತಾವು ಮಾಡಿದ್ದಕ್ಕೆ ಈ ಹೆಸರು ಬರದಂತೆ ನೋಡಿಕೊಳ್ಳುತ್ತಾರೆ. 2017ರ ನವೆಂಬರ್‌ನಲ್ಲಿ ಜಿಂಬಾಬ್ವೆಯ ಸೇನೆ ರಾಬರ್ಟ್ ಮುಗಾಬೆಯವರನ್ನು ಮನೆಯಲ್ಲಿ ಇರಿಸಿ ಟಿ.ವಿ. ಕೇಂದ್ರವನ್ನು ವಶಕ್ಕೆ ತೆಗೆದುಕೊಂಡಿತು. ಅದೇ ಕೇಂದ್ರದಿಂದ ಮಾತನಾಡಿದ ಸೇನಾಧಿಕಾರಿ, ಇದು ಸೇನೆಯ ಸ್ವಾಧೀನವಲ್ಲ ಎಂದು ಸಾರಿದರು. ಈ ಹೆಸರಿನ ಹಿಂದೆ ಹಣದ ಪ್ರಶ್ನೆಯೂ ಇದೆ. ಚುನಾಯಿತ ನಾಯಕನನ್ನು ಸೇನೆ ಇಳಿಸಿದ ದೇಶಕ್ಕೆ ನೆರವು ನಿಲ್ಲಿಸಬೇಕೆಂಬ ಕಾನೂನು ಅಮೆರಿಕದಲ್ಲಿರುವುದರಿಂದ, 2013ರಲ್ಲಿ ಈಜಿಪ್ಟಿನ ಘಟನೆಗೆ ಆ ಹೆಸರು ಕೊಡಲು ಅಮೆರಿಕದ ಸರ್ಕಾರ ಹಿಂಜರಿಯಿತು. ನೈಜರ್‌ನಲ್ಲಿ 2023ರ ಜುಲೈ 26ರಂದು ಅಧ್ಯಕ್ಷರ ಅಂಗರಕ್ಷಕ ಪಡೆಯೇ ಅವರನ್ನು ಬಂಧಿಸಿದರೂ, ಅಮೆರಿಕ ಆ ಪದವನ್ನು ಅಧಿಕೃತವಾಗಿ ಬಳಸಿದ್ದು ಅಕ್ಟೋಬರ್ 10ರಂದು. ಬರಹಗಾರರು ಅಷ್ಟು ದಿನ ಕಾಯಬೇಕಾಗಿಲ್ಲ. ಮೇಲಿನ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕ ದಿನವೇ ತಮ್ಮ ಹೊಣೆಯಲ್ಲಿ ಪದವನ್ನು ಬರೆಯಬಹುದು. ಉತ್ತರ ಸಿಗದಿದ್ದರೆ ‘ಎಂದು ವಿರೋಧಿಗಳು ಕರೆದಿದ್ದಾರೆ’, ‘ಎಂಬುದನ್ನು ಸೇನೆ ಅಲ್ಲಗಳೆದಿದೆ’ ಎಂದು ಎರಡೂ ಕಡೆಯ ಮಾತನ್ನು ದಾಖಲಿಸಬೇಕು.

ಅಪರೂಪಕ್ಕೆ, ಕ್ಷಿಪ್ರಕ್ರಾಂತಿಯಾಗಿ ತೊಡಗಿದ್ದು ನಿಜವಾದ ಕ್ರಾಂತಿಯಾಗುವುದೂ ಇದೆ. 1974ರ ಏಪ್ರಿಲ್ 25ರಂದು ಪೋರ್ಚುಗಲ್‌ನ ಕಿರಿಯ ಸೇನಾಧಿಕಾರಿಗಳು, 1926ರ ಸೇನಾ ಕ್ಷಿಪ್ರಕ್ರಾಂತಿಯಿಂದ ಮೊದಲಾಗಿ 48 ವರ್ಷ ನಡೆದಿದ್ದ ಸರ್ವಾಧಿಕಾರವನ್ನು ಉರುಳಿಸಿದರು. ಜನ ಬೀದಿಗೆ ಬಂದು ಸೈನಿಕರ ಬಂದೂಕಿನ ನಳಿಕೆಗಳಿಗೆ ಕಾರ್ನೇಷನ್ ಹೂ ಸಿಕ್ಕಿಸಿದರು. ಮರುವರ್ಷ ಅದೇ ದಿನ ಮುಕ್ತ ಚುನಾವಣೆ ನಡೆಯಿತು. 1926ಕ್ಕೆ ಕ್ಷಿಪ್ರಕ್ರಾಂತಿ ಎಂದೂ 1974ಕ್ಕೆ ಕ್ರಾಂತಿ ಎಂದೂ ಬರೆಯುವುದರಲ್ಲಿ ನನಗೆ ಹಿಂಜರಿಕೆಯಿಲ್ಲ.

ಬರವಣಿಗೆಯ ಸಣ್ಣ ವಿವರಗಳು

ಎರಡೂ ಸಂಸ್ಕೃತ ಪದಗಳಾಗಿ ಕರ್ಮಧಾರಯ ಸಮಾಸವಾಗಿರುವುದರಿಂದ ‘ಕ್ಷಿಪ್ರಕ್ರಾಂತಿ’ ಎಂದು ಕೂಡಿಸಿ ಬರೆಯುವುದು ಸರಿ. ಬಿಡಿಸಿ ಬರೆದರೆ ‘ವೇಗವಾದ ಕ್ರಾಂತಿ’ ಎಂಬ ತಪ್ಪು ಅರ್ಥಕ್ಕೆ ಇನ್ನಷ್ಟು ಎಡೆಯಾಗುತ್ತದೆ. ‘ನಡೆಯಿತು’ ಎಂಬ ಅಕರ್ಮಕ ಕ್ರಿಯಾಪದಕ್ಕಿಂತ ‘ನಡೆಸಿದರು’ ಎಂಬ ಸಕರ್ಮಕ ರೂಪ ಒಳ್ಳೆಯದು. ಮಳೆ ಬಂತು ಎನ್ನುವಂತೆ ಕ್ಷಿಪ್ರಕ್ರಾಂತಿ ನಡೆಯಿತು ಎಂದರೆ ಮಾಡಿದವರ ಹೆಸರು ವಾಕ್ಯದಿಂದ ಜಾರಿಹೋಗುತ್ತದೆ. ‘ರಕ್ತರಹಿತ ಕ್ರಾಂತಿ’ ಎಂಬುದು ನಮ್ಮ ಪಠ್ಯಪುಸ್ತಕಗಳಲ್ಲಿ 1688ರ ಇಂಗ್ಲೆಂಡಿನ ಘಟನೆಗೆ ಸಂದಿರುವ ಹೆಸರಾದ್ದರಿಂದ, ಬೇರೆ ಕಡೆ ‘ರಕ್ತಪಾತವಿಲ್ಲದೆ’ ಎಂದು ಬರೆಯುವುದು ಲೇಸು. ಮೂಲ ಪದವನ್ನೇ ‘ಕೂ’ ಎಂದು ಬರೆದರೆ ಕನ್ನಡದಲ್ಲಿ ಅದು ಮೊದಲು ಹಕ್ಕಿಯ ದನಿಯಾಗಿಯೇ ಕೇಳುತ್ತದೆ, ‘ಕೂಪ್’ ಎಂದರೆ ಉಚ್ಚಾರವೇ ತಪ್ಪು. ಇಂಗ್ಲಿಷಿನಲ್ಲಿ ಇದೇ ಪದಕ್ಕೆ ಅನಿರೀಕ್ಷಿತವಾದ ದೊಡ್ಡ ಗೆಲುವು ಎಂಬ ಅರ್ಥವೂ ಇದೆ. ಒಂದು ಸಂಸ್ಥೆ ದೊಡ್ಡ ಗುತ್ತಿಗೆ ಗಿಟ್ಟಿಸಿಕೊಂಡದ್ದನ್ನು ‘ಕ್ಷಿಪ್ರಕ್ರಾಂತಿ’ ಎಂದು ಅನುವಾದಿಸಿದ ಕರಡನ್ನು ನಾನು ತಿದ್ದಿದ್ದೇನೆ. ಅಲ್ಲಿ ‘ಭರ್ಜರಿ ಗೆಲುವು’ ಎಂದರೆ ಸಾಕು.

ಹಳೆಯ ಇತಿಹಾಸಕ್ಕೆ ಈ ಪದವನ್ನು ಹಚ್ಚುವಾಗ ಮನಸ್ಸು ಸ್ವಲ್ಪ ತಡೆಯುತ್ತದೆ. ಸಾಳುವ ನರಸಿಂಹ 1485ರಲ್ಲಿ ವಿಜಯನಗರದ ಸಿಂಹಾಸನವನ್ನು ಹಿಡಿದದ್ದಕ್ಕೆ ‘ಸಿಂಹಾಸನಾಪಹರಣ’ವೇ ಸರಿಯಾದ ಪದ. ಮೈಸೂರಿನ ಸಂಗತಿ ಇನ್ನೂ ಜಟಿಲವಾದದ್ದು. 1760ರ ಆಗಸ್ಟ್‌ನಲ್ಲಿ ಹೈದರಾಲಿಯ ಆಪ್ತನೇ ಆಗಿದ್ದ ಖಂಡೇರಾಯ ಅರಮನೆಯವರೊಂದಿಗೆ ಸೇರಿ ಶ್ರೀರಂಗಪಟ್ಟಣದಲ್ಲಿ ಹೈದರನ ಮೇಲೆ ತಿರುಗಿಬಿದ್ದ. ಹೈದರ್ ತಪ್ಪಿಸಿಕೊಂಡು ಬೆಂಗಳೂರಿಗೆ ಓಡಿಬಂದ. ಬಲ ಕೂಡಿಸಿಕೊಂಡು 1761ರಲ್ಲಿ ಮರಳಿ ಹೋಗಿ ಎಲ್ಲ ಅಧಿಕಾರವನ್ನೂ ಹಿಡಿದ. ಒಡೆಯರು ಹೆಸರಿಗೆ ಮಾತ್ರ ದೊರೆಗಳಾಗಿ ಉಳಿದರು. ಒಳಗಿನವರು, ಅತ್ಯುನ್ನತ ಅಧಿಕಾರ, ಬಲಪ್ರಯೋಗ, ಮೂರೂ ಇಲ್ಲಿವೆ. ಆದರೂ ಲಿಖಿತ ಸಂವಿಧಾನವಿಲ್ಲದ ಕಾಲದಲ್ಲಿ ‘ಕಾನೂನಿಗೆ ಹೊರತು’ ಎಂಬುದನ್ನು ಅಳೆಯುವುದು ಕಷ್ಟವಾದ್ದರಿಂದ, ಇಂಥ ಕಡೆ ನಾನು ನಡೆದದ್ದನ್ನು ನಡೆದಂತೆ ಹೇಳಿ ಪದವನ್ನು ಬಿಟ್ಟುಬಿಡುತ್ತೇನೆ.

ಕೊನೆಯದಾಗಿ ಶೀರ್ಷಿಕೆಯ ಮಾತು. ಜಾಗ ಕಡಿಮೆ, ಅದಕ್ಕೇ ಈ ಪದ ಬೇಕು ಎಂಬ ವಾದವನ್ನು ನಾನು ಬಹಳ ಸಲ ಕೇಳಿದ್ದೇನೆ. ಆದರೆ ‘ಮ್ಯಾನ್ಮಾರ್‌ನಲ್ಲಿ ಕ್ಷಿಪ್ರಕ್ರಾಂತಿ’ ಎಂಬುದಕ್ಕೆ ಬೇಕಾದಷ್ಟೇ ಜಾಗದಲ್ಲಿ ‘ಸೇನೆಯ ವಶಕ್ಕೆ ಮ್ಯಾನ್ಮಾರ್’ ಎಂಬುದೂ ಹಿಡಿಸುತ್ತದೆ. ಅಂದು ಪರದೆಯ ಕೆಳಗೆ ಈ ಎರಡನೆಯ ಸಾಲು ಓಡಿದ್ದರೆ ನನ್ನ ತಾಯಿ ಸಮಾಧಾನದ ಮಾತಾಡುತ್ತಿರಲಿಲ್ಲ, ‘ಸೂಕಿ ಅವರನ್ನು ಎಲ್ಲಿ ಇಟ್ಟಿದ್ದಾರಂತೆ?’ ಎಂದು ಕೇಳುತ್ತಿದ್ದರು.